ನೀರು ಎಲ್ಲಿ ಹೋಯ್ತು? ಪುಟ್ಟ ಮಕ್ಕಳಿಗೆ ನೀರಿನ ರೂಪಗಳನ್ನು ತೋರಿಸಿಕೊಡುವ ಬಗೆ

ಒದ್ದೆ ಸ್ಲೇಟು ಸ್ವಲ್ಪ ಹೊತ್ತಿಗೆ ಒಣಗುತ್ತದೆ. ನೀರು ಎಲ್ಲಿ ಹೋಯ್ತು ಅಂತ ನಾಲ್ಕು ವರ್ಷದ ಮಗುವನ್ನು ಕೇಳಿ ನೋಡಿ. "ಸ್ಲೇಟು ಕುಡಿದುಬಿಡ್ತು" ಅನ್ನುತ್ತದೆ. ಅದೇ ಮಗುವಿಗೆ ಜಲಚಕ್ರದ ಚಿತ್ರ ತೋರಿಸಿ ಪಾಠ ಒಪ್ಪಿಸಿಕೊಳ್ಳಿ. "ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಸುರಿಯುತ್ತದೆ" ಅಂತ ಒಂದೇ ಉಸಿರಿಗೆ ಹೇಳುತ್ತದೆ. ಆಮೇಲೆ ಮತ್ತೆ ಸ್ಲೇಟಿನ ವಿಷಯ ಕೇಳಿ. ಮತ್ತೆ "ಕುಡಿದುಬಿಡ್ತು"!

ತಪ್ಪು ಮಗುವಿನದಲ್ಲ. ಐಸ್ ಕಣ್ಣಿಗೆ ಕಾಣುತ್ತದೆ, ನೀರು ಕಾಣುತ್ತದೆ, ಆವಿ ಮಾತ್ರ ಕಾಣುವುದಿಲ್ಲ. ಕಾಣದ್ದನ್ನು ನಂಬು ಅಂದರೆ ಮಗು ನಮ್ಮ ಮಾತಿಗೆ ತಲೆಯಾಡಿಸುತ್ತದೆ ಅಷ್ಟೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಐಸಿಗೆ ಸ್ವಲ್ಪ ಹೊತ್ತು ಸಾಕು. ಒಣಗುವುದು ಮತ್ತು ಬೆವರುವುದು, ಈ ಎರಡಕ್ಕೆ ಜಾಸ್ತಿ ದಿನ ಕೊಡಿ. ನೀರು ಮಾಯವಾಗಿಲ್ಲ, ಅದೇ ನೀರು ಬೇರೆ ವೇಷದಲ್ಲಿದೆ ಅನ್ನುವುದು ಮಗುವಿಗೇ ಹೊಳೆಯಬೇಕು. ಮೂರರಿಂದ ಏಳು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಲ್ಲ ಹಂತವನ್ನೂ ಮಾಡಲೇಬೇಕು ಅಂತಿಲ್ಲ. ಆದರೆ ಮೂರು ಮತ್ತು ನಾಲ್ಕನ್ನು ದಯವಿಟ್ಟು ಬಿಡಬೇಡಿ.

ಶುರು ಮಾಡುವ ಮುಂಚೆ

ಬೇಕಾದದ್ದು ಕಡಿಮೆ. ಎರಡು ಮೂರು ಗಾಜಿನ ಲೋಟ, ಸ್ಟೀಲ್ ತಟ್ಟೆಗಳು, ಐಸ್ ಟ್ರೇ, ಬಣ್ಣ, ಬ್ರಶ್, ಸೀಮೆಸುಣ್ಣ, ಉಪ್ಪು, ಹಳೆಯ ಉಣ್ಣೆ ಬಟ್ಟೆ, ನೀರು ಚಿಮುಕಿಸುವ ಬಾಟಲಿ, ಒಂದು ಭೂತಗನ್ನಡಿ. ಜೊತೆಗೆ ಗೆರೆಯಿಲ್ಲದ ಒಂದು ನೋಟ್‌ಬುಕ್. ಮಗು ಕಂಡದ್ದನ್ನು ಅದರಲ್ಲಿ ಬರೆಯುವುದಲ್ಲ, ಚಿತ್ರ ಬಿಡಿಸುವುದು.

ಎರಡು ಎಚ್ಚರಿಕೆ. ಬಿಸಿನೀರಿನ ಕೆಲಸವೆಲ್ಲ ದೊಡ್ಡವರದೇ, ಮಗು ದೂರದಿಂದ ನೋಡಲಿ. ಇನ್ನೊಂದು, ನೀರು ತುಂಬಿದ ಬಕೆಟ್ ಅಥವಾ ಟಬ್ಬಿನ ಹತ್ತಿರ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಚಿಕ್ಕ ಮಕ್ಕಳು ಒಂದೆರಡು ಇಂಚು ನೀರಿನಲ್ಲೂ ಸದ್ದಿಲ್ಲದೆ ಮುಳುಗಬಹುದು. ಆಟ ಮುಗಿದ ಕೂಡಲೇ ನೀರು ಚೆಲ್ಲಿ ಪಾತ್ರೆ ಬೋರಲು ಹಾಕಿ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಪ್ರಯೋಗಕ್ಕೆ ಮುಂಚೆ "ಏನಾಗುತ್ತೆ ಅನ್ಸುತ್ತೆ?" ಅಂತ ಕೇಳಿ. ಆದ ಮೇಲೆ "ಏನು ಕಾಣಿಸ್ತು?" ಅಂತ ಕೇಳಿ. "ಯಾಕೆ?" ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಯಾಕೆ ಅಂದರೆ ಪರೀಕ್ಷೆ ಶುರುವಾಯಿತು ಅಂತ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮಗು ತಪ್ಪು ಹೇಳಿದರೆ ತಿದ್ದಬೇಡಿ. "ಹೌದಾ? ಹಾಗಾದ್ರೆ ನೋಡೋಣ" ಅನ್ನಿ. ನನಗಂತೂ ಇದನ್ನು ರೂಢಿ ಮಾಡಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ, ಅಲ್ವಾ?

ಹಂತ 1: ಸುಮ್ನೆ ಆಡಲಿ

ಮೊದಲ ಒಂದೆರಡು ದಿನ ಪಾಠ ಬೇಡ. ಸುರಿಯಲಿ, ತುಂಬಲಿ, ಚೆಲ್ಲಲಿ. ನೀರಿಗೆ ತನ್ನದೇ ಆಕಾರ ಇಲ್ಲ, ಪಾತ್ರೆಯದೇ ಅದರ ಆಕಾರ ಅನ್ನುವುದು ಕೈಗೆ ತಿಳಿಯುತ್ತದೆ. ಎಲೆಯ ಮೇಲೆ ಹನಿ ಹಾಕಿ ಅದು ಗುಂಡಗೆ ಕೂರುವುದನ್ನು ಭೂತಗನ್ನಡಿಯಲ್ಲಿ ತೋರಿಸಿ.

ಅಗಲ ಬಟ್ಟಲಿನ ನೀರನ್ನು ಸಪೂರ ಲೋಟಕ್ಕೆ ಸುರಿದರೆ "ಈಗ ಜಾಸ್ತಿ ಆಯ್ತು" ಅಂತ ಮಗು ಹೇಳಬಹುದು. ಇದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ವಿವರವಾಗಿ ಗಮನಿಸಿದ್ದರು. ಸುಮಾರು ಆರೇಳು ವರ್ಷದ ತನಕ ಬಹಳಷ್ಟು ಮಕ್ಕಳು ನೀರಿನ ಎತ್ತರ ನೋಡಿಯೇ ಜಾಸ್ತಿ, ಕಡಿಮೆ ಅನ್ನುತ್ತಾರೆ. ವಾದ ಮಾಡಿ ಗೆಲ್ಲುವ ವಿಷಯವಲ್ಲ ಇದು. ಮತ್ತೆ ಬಟ್ಟಲಿಗೆ ಸುರಿದು ತೋರಿಸಿ, ಮುಂದೆ ಹೋಗಿ.

ಹಂತ 2: ಗಟ್ಟಿಯಾದ ನೀರು

ಬಾಗುವ ಪ್ಲಾಸ್ಟಿಕ್ ಲೋಟದಲ್ಲಿ ಅರ್ಧದಷ್ಟು ನೀರು ಹಾಕಿ. ನೀರು ಎಲ್ಲಿಗೆ ಬಂದಿದೆಯೋ ಅಲ್ಲಿ ಮಗುವಿನ ಕೈಯಿಂದಲೇ ಗೆರೆ ಎಳೆಸಿ ಫ್ರೀಜರಿನಲ್ಲಿಡಿ. ಮರುದಿನ ನೋಡಿದರೆ ಐಸ್ ಗೆರೆಗಿಂತ ಮೇಲೆ ಇರುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಜಾಸ್ತಿ ಜಾಗ ಹಿಡಿಯುತ್ತದೆ. ಗಾಜಿನ ಬಾಟಲಿ ಮಾತ್ರ ಬಳಸಬೇಡಿ. ಒಮ್ಮೆ ಮೈಮರೆತು ನಾನು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಚೂರುಗಳನ್ನು ಆರಿಸುತ್ತಾ ಕೂತಿದ್ದೆ.

ಈಗ ಕರಗುವ ಓಟ. ಒಂದೇ ಗಾತ್ರದ ನಾಲ್ಕು ಐಸ್ ತುಂಡು ತೆಗೆದುಕೊಳ್ಳಿ. ಒಂದು ಸ್ಟೀಲ್ ತಟ್ಟೆಯ ಮೇಲೆ, ಒಂದು ಮರದ ಹಲಗೆಯ ಮೇಲೆ, ಒಂದು ಲೋಟದ ನೀರಿನಲ್ಲಿ, ಇನ್ನೊಂದು ಉಣ್ಣೆ ಬಟ್ಟೆಯೊಳಗೆ. ಯಾವುದು ಮೊದಲು ಕರಗುತ್ತದೆ? ಹೆಚ್ಚಿನ ಮಕ್ಕಳು ಉಣ್ಣೆಯನ್ನೇ ತೋರಿಸುತ್ತಾರೆ. ಸ್ವೆಟರ್ ಬೆಚ್ಚಗೆ ಮಾಡುತ್ತದಲ್ಲ! ಆದರೆ ಉಣ್ಣೆಯಲ್ಲಿ ಸುತ್ತಿದ್ದು ತುಂಬಾ ಹೊತ್ತು ಗಟ್ಟಿಯಾಗಿಯೇ ಉಳಿಯುತ್ತದೆ. ಬಟ್ಟೆ ಶಾಖ ಹುಟ್ಟಿಸುವುದಿಲ್ಲ. ಒಳಗಿನ ಶಾಖ ಹೊರಗೆ ಹೋಗದಂತೆಯೂ, ಹೊರಗಿನದು ಒಳಗೆ ಬರದಂತೆಯೂ ತಡೆಯುತ್ತದೆ. ಸ್ಟೀಲ್ ತಟ್ಟೆ ಮುಟ್ಟಿದರೆ ತಣ್ಣಗಿದ್ದರೂ ಅದರ ಮೇಲಿನ ಐಸ್ ಮರದ ಮೇಲಿನದಕ್ಕಿಂತ ಬೇಗ ಕರಗುತ್ತದೆ. ಕೆಲವು ದೊಡ್ಡವರೂ ಇಲ್ಲಿ ಸೋಲುತ್ತಾರೆ.

ಲೋಟದಲ್ಲಿ ತೇಲುವ ಐಸನ್ನು ಪಕ್ಕದಿಂದ ನೋಡಲಿ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನೊಳಗೆ, ಒಂದು ಪಾಲು ಮಾತ್ರ ಹೊರಗೆ. ಸಮುದ್ರದ ಹಿಮಬಂಡೆಯೂ ಹೀಗೇ. ತುಂಬಾ ಚಳಿಯ ನಾಡುಗಳಲ್ಲಿ ಕೆರೆಯ ಮೇಲೆ ಐಸ್ ಮುಚ್ಚಿಕೊಂಡರೂ ಕೆಳಗೆ ಮೀನುಗಳು ಬದುಕುತ್ತವೆ. ನೀರು ಅತಿ ದಟ್ಟವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ತಳಕ್ಕೆ ಇಳಿಯುತ್ತದೆ, ಹಗುರವಾದ ಐಸ್ ಮೇಲೆ ತೇಲುತ್ತದೆ. ಮಗುವಿಗೆ ಡಿಗ್ರಿಯ ಲೆಕ್ಕ ಬೇಡ. "ಐಸ್ ಮುಳುಗುವ ಹಾಗಿದ್ದಿದ್ರೆ ಮೀನು ಎಲ್ಲಿ ಹೋಗ್ತಿತ್ತು?" ಅಂತ ಕೇಳಿ ಬಿಡಿ.

ಹಂತ 3: ನೀರು ಎಲ್ಲಿ ಹೋಯ್ತು?

ಇಲ್ಲಿಂದ ನಿಧಾನ. ಬಿಸಿಲಿರುವ ದಿನ ಬ್ರಶ್ ಕೊಟ್ಟು ಸಿಮೆಂಟ್ ನೆಲದ ಮೇಲೆ ಬರೀ ನೀರಿನಿಂದ ಚಿತ್ರ ಬಿಡಿಸಲು ಹೇಳಿ. ಬಾಲ ಬಿಡಿಸುವಷ್ಟರಲ್ಲಿ ಆನೆಯ ಸೊಂಡಿಲು ಮಾಯವಾಗಿರುತ್ತದೆ! ಮಕ್ಕಳಿಗೆ ಇದು ಸಾಕಾಗುವುದೇ ಇಲ್ಲ. ನೆಲದ ಮೇಲೆ ನಿಂತ ನೀರಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗಂಟೆಗೊಮ್ಮೆ ಹೊಸ ಗೆರೆ. ಸಂಜೆಗೆ ಗೆರೆಗಳೊಳಗೆ ಗೆರೆಗಳಾಗಿ ನೀರು ಸಣ್ಣದಾಗುತ್ತಾ ಹೋದ ಕಥೆ ನೆಲದ ಮೇಲೇ ಉಳಿದಿರುತ್ತದೆ.

"ನೆಲ ಕುಡೀತು" ಅನ್ನುತ್ತದೆ ಮಗು. ಈ ಉತ್ತರವನ್ನು ಗೌರವಿಸಿ, ಅದರಲ್ಲಿ ಅರ್ಧ ನಿಜ ಇದೆ. ಮಣ್ಣಿನ ಮೇಲೆ ಸುರಿದ ನೀರು ಇಂಗುತ್ತದೆ. ನಮ್ಮ ಭಾಷೆಯೇ ಇಲ್ಲಿ ಸಹಾಯಕ್ಕೆ ಬರುತ್ತದೆ. ನೀರು ಮಣ್ಣಿಗೆ ಇಂಗುತ್ತದೆ, ನೆಲ ಆರುತ್ತದೆ, ಬಟ್ಟೆ ಒಣಗುತ್ತದೆ, ಕೆರೆ ಬತ್ತುತ್ತದೆ. ಒಂದೊಂದಕ್ಕೆ ಒಂದೊಂದು ಮಾತು. ಈ ಮಾತುಗಳನ್ನು ಬೇಕೆಂದೇ ಬಳಸಿ.

ಈಗ ಮಗುವಿನ ಊಹೆಗೆ ಪರೀಕ್ಷೆ ಇಡಿ. ಸ್ಟೀಲ್ ತಟ್ಟೆ ನೀರು ಕುಡಿಯುತ್ತದೆಯೇ? "ಇಲ್ಲ" ಅಂತ ಮಗುವೇ ಹೇಳುತ್ತದೆ. ಹಾಗಾದರೆ ಎರಡು ಸ್ಟೀಲ್ ತಟ್ಟೆಯಲ್ಲಿ ಎರಡೆರಡು ಚಮಚ ನೀರು ಹಾಕಿ. ಒಂದರ ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿ, ಇನ್ನೊಂದನ್ನು ತೆರೆದಿಡಿ. ತೆರೆದ ತಟ್ಟೆ ಬೇಗ ಒಣಗುತ್ತದೆ. ಮುಚ್ಚಿದ್ದರಲ್ಲಿ ನೀರು ಉಳಿದಿರುತ್ತದೆ, ಬಟ್ಟಲಿನ ಒಳಗೋಡೆಯಲ್ಲಿ ಸಣ್ಣ ಹನಿಗಳೂ ಕಾಣಬಹುದು. ತಟ್ಟೆ ಕುಡಿದಿಲ್ಲ, ಯಾರೂ ಚೆಲ್ಲಿಲ್ಲ. ಉಳಿದ ದಾರಿ ಒಂದೇ, ಮೇಲಕ್ಕೆ. ಈ ಮಾತನ್ನು ನೀವು ಹೇಳಬೇಡಿ. ಎರಡು ದಿನ ಹಿಡಿದರೂ ಪರವಾಗಿಲ್ಲ, ಅದು ಮಗುವಿನ ಬಾಯಿಂದಲೇ ಬರಲಿ.

ಇನ್ನೊಂದು ದಿನ ಒಂದೇ ಅಳತೆಯ ಮೂರು ಒದ್ದೆ ಬಟ್ಟೆ. ಒಂದನ್ನು ಮುದ್ದೆ ಮಾಡಿಡಿ, ಒಂದನ್ನು ನೆರಳಲ್ಲಿ ಹರಡಿ, ಒಂದನ್ನು ಗಾಳಿ ಬಿಸಿಲಿಗೆ ಹರಡಿ. ನೀರು ಆವಿಯಾಗಲು ಕುದಿಯಲೇಬೇಕು ಅಂತ ಹಲವರು ತಿಳಿದಿದ್ದಾರೆ. ಕುದಿಯುವುದಕ್ಕೆ ಸಮುದ್ರಮಟ್ಟದಲ್ಲಿ 100 ಡಿಗ್ರಿ ಬೇಕು, ನಿಜ. ಆದರೆ ಆವಿಯಾಗುವುದಕ್ಕೆ ಬೇಡ. ಬಟ್ಟೆ ನೆರಳಲ್ಲೂ ಒಣಗುತ್ತದೆ, ರಾತ್ರಿಯಲ್ಲೂ ಒಣಗುತ್ತದೆ. ಬಿಸಿಲು, ಗಾಳಿ, ಹರಡಿಕೊಂಡ ಮೈ, ಮೂರೂ ಸೇರಿದರೆ ಬೇಗ.

ಉಪ್ಪುನೀರಿನದೂ ಇಲ್ಲೇ ಮಾಡಿಬಿಡಿ. ಒಂದು ಚಮಚ ಉಪ್ಪನ್ನು ನೀರಿನಲ್ಲಿ ಕರಗಿಸಿ ಕಪ್ಪು ತಟ್ಟೆಯಲ್ಲಿ ಹರಡಿ ಬಿಸಿಲಿಗಿಡಿ. ನೀರು ಹೋಗುತ್ತದೆ, ಬಿಳಿ ಹರಳು ಉಳಿಯುತ್ತದೆ. ಸಮುದ್ರದ ನೀರು ಉಪ್ಪಾದರೂ ಮಳೆ ಯಾಕೆ ಉಪ್ಪಲ್ಲ ಅನ್ನುವ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಆಗ ಈ ತಟ್ಟೆಯನ್ನು ನೆನಪಿಸಿದರೆ ಸಾಕು.

ಹಂತ 4: ಹೋದದ್ದು ವಾಪಸ್ ಬಂತು

ಹೋಗಿದ್ದು ಮಾತ್ರ ಗೊತ್ತಾದರೆ ಅರ್ಧ ಕಥೆ. ಒಣ ಲೋಟಕ್ಕೆ ಐಸ್ ನೀರು ತುಂಬಿ ಮೇಜಿನ ಮೇಲಿಡಿ. ಸ್ವಲ್ಪ ಹೊತ್ತಿಗೆ ಹೊರಮೈ ಬೆವರುತ್ತದೆ. "ಲೋಟ ಸೋರ್ತಿದೆ!" ಅನ್ನುವುದು ಮಾಮೂಲಿ ಉತ್ತರ. ಒಳಗಿನ ನೀರಿಗೆ ಕೆಂಪು ಬಣ್ಣ ಹಾಕಿ ಮತ್ತೆ ಮಾಡಿ. ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒರೆಸಿದರೆ ಕೆಂಪು ಬರುವುದಿಲ್ಲ. ಪಕ್ಕದಲ್ಲೇ ಐಸ್ ಇಲ್ಲದ ಕೆಂಪು ನೀರಿನ ಲೋಟ ಇಡಿ, ಅದು ಬೆವರುವುದಿಲ್ಲ. ಹಾಗಾದರೆ ಹೊರಗಿನ ನೀರು ಎಲ್ಲಿಂದ ಬಂತು? ಈಗ ಹಂತ 3ರ ತಟ್ಟೆಯಿಂದ "ಮೇಲೆ ಹೋದ" ನೀರನ್ನು ನೆನಪಿಸಿ, ಸುಮ್ಮನಿರಿ. ಕೆಲವು ಮಕ್ಕಳ ಕಣ್ಣು ಅಗಲವಾಗುವುದು ಈ ಕ್ಷಣದಲ್ಲೇ.

ಕನ್ನಡಿಗೆ ಬಾಯಿಂದ ಹಾ ಅಂತ ಉಸಿರು ಬಿಡಿಸಿ, ಮಸುಕಿನ ಮೇಲೆ ಬೆರಳಿಂದ ಚಿತ್ರ ಬಿಡಿಸಲಿ. ಉಸಿರಲ್ಲೂ ನೀರಿದೆ. ತಣ್ಣಗಿನ ಕನ್ನಡಿ ಸಿಕ್ಕಿದ ಕೂಡಲೇ ಅದು ಹನಿಯಾಗುತ್ತದೆ.

ಇನ್ನು ಹಬೆ. ಕುದಿಯುವ ಕೆಟಲ್ಲಿನ ಮೂತಿಯನ್ನು ದೂರದಿಂದ ಗಮನಿಸಿ. ಮೂತಿಗೆ ತಾಗಿದ ಹಾಗೆ ಸ್ವಲ್ಪ ಜಾಗ ಖಾಲಿ ಕಾಣುತ್ತದೆ, ಬಿಳಿ ಬಣ್ಣ ಶುರುವಾಗುವುದು ಅದರಾಚೆ. ಆ ಖಾಲಿ ಜಾಗದಲ್ಲಿ ಇರುವುದೇ ಆವಿ. ಆಚೆಯ ಬಿಳಿಯದು ಆವಿ ತಣ್ಣಗಾಗಿ ಆದ ಪುಟ್ಟ ಪುಟ್ಟ ಹನಿಗಳ ರಾಶಿ. ಕಾಣುವುದಕ್ಕೆ ಹಬೆ, ಕಾಣದ್ದಕ್ಕೆ ಆವಿ ಅಂತ ಮನೆಯಲ್ಲಿ ರೂಢಿ ಮಾಡಿಕೊಳ್ಳಿ. ಎರಡು ಪದ ಕೈಯಲ್ಲಿದ್ದೂ ನಾವು ಬೆರೆಸಿಬಿಡುತ್ತೇವೆ, ಆಮೇಲೆ ಮಗುವಿಗೆ ಗೊಂದಲ. ಹಬೆ ಕಾಣದ ಆ ಜಾಗವೇ ಹೆಚ್ಚು ಸುಡುತ್ತದೆ ಅನ್ನುವುದನ್ನೂ ಹೇಳಿರಿ.

ಹಂತ 5: ಮೋಡ, ಮಳೆ

ಹತ್ತಿಯನ್ನು ಅಂಟಿಸಿ ಮೋಡ ಮಾಡಿಸುವುದು ಚೆಂದ. ಆದರೆ ಮೋಡ ಅಂದರೆ ಹತ್ತಿಯ ಹಾಗೆ ಮೆತ್ತಗಿನ ವಸ್ತು ಅಂತ ಮಗು ನಂಬಿಬಿಡುತ್ತದೆ. ನೊರೆಯ ಮೇಲೆ ಬಣ್ಣದ ನೀರು ಸುರಿದು "ಮಳೆ" ಬರಿಸುವ ಆಟವೂ ನನಗೆ ಅಷ್ಟಾಗಿ ಹಿಡಿಸಿಲ್ಲ. ಮೋಡ ತುಂಬಿ ಸೋರುವ ಚೀಲ ಅನ್ನುವ ತಪ್ಪು ಚಿತ್ರ ಅದರಿಂದ ಮನಸ್ಸಿನಲ್ಲಿ ಕೂರುತ್ತದೆ.

ಅದರ ಬದಲು ಜಾಡಿಯಲ್ಲಿ ಮೋಡ ಮಾಡಿ. ಗಾಜಿನ ಜಾಡಿಯ ತಳದಲ್ಲಿ ಎರಡು ಬೆರಳಷ್ಟು ಬಿಸಿನೀರು ಹಾಕಿ. ಬೆಂಕಿಕಡ್ಡಿ ಗೀರಿ ಆರಿಸಿ, ಅದರ ಹೊಗೆ ಒಳಗೆ ಹೋಗುವಂತೆ ಹಿಡಿದು, ತಕ್ಷಣ ಐಸ್ ತುಂಬಿದ ತಟ್ಟೆಯನ್ನು ಮುಚ್ಚಳದಂತೆ ಇಡಿ. ಹಿಂದೆ ಕಪ್ಪು ಕಾಗದ, ಪಕ್ಕದಿಂದ ಟಾರ್ಚ್. ಒಳಗೆ ಬಿಳಿ ಮೋಡ ಸುಳಿಯುತ್ತದೆ. ಹೊಗೆ ಯಾಕೆ? ಆವಿ ಹನಿಯಾಗಲು ಒಂದು ಆಸರೆ ಬೇಕು. ಆಕಾಶದಲ್ಲಿ ದೂಳು, ಹೊಗೆ, ಸಮುದ್ರದ ಉಪ್ಪಿನ ಕಣಗಳೇ ಆ ಆಸರೆ. ಹೊಗೆಯಿಲ್ಲದೆ ಒಮ್ಮೆ ಮಾಡಿ ಎರಡನ್ನೂ ಹೋಲಿಸಿ. ಮೋಡ ಅಷ್ಟು ದಟ್ಟವಾಗುವುದಿಲ್ಲ.

ಮೋಡ ಮಳೆಯಾಗುವುದಕ್ಕೆ ಇನ್ನೊಂದು ಆಟ. ಸ್ಟೀಲ್ ತಟ್ಟೆಯನ್ನು ನೇರವಾಗಿ ನಿಲ್ಲಿಸಿ, ಬಾಟಲಿಯಿಂದ ಸಣ್ಣಗೆ ನೀರು ಚಿಮುಕಿಸಿ. ಮೊದಲು ಹನಿಗಳು ಅಲ್ಲಲ್ಲೇ ಅಂಟಿಕೊಂಡಿರುತ್ತವೆ. ಚಿಮುಕಿಸುತ್ತಾ ಹೋದಂತೆ ಒಂದಕ್ಕೊಂದು ಕೂಡಿ, ದಪ್ಪಗಾಗಿ, ಸರ್ರನೆ ಜಾರುತ್ತವೆ. ಮೋಡದಲ್ಲೂ ಹೀಗೆ ಹನಿಗೆ ಹನಿ ಕೂಡುತ್ತದೆ. ಮಳೆಗೆ ಬೇರೆ ದಾರಿಯೂ ಉಂಟು, ಎತ್ತರದ ಮೋಡಗಳಲ್ಲಿ ಹಿಮದ ಹರಳು ಬೆಳೆದು ಬೀಳುತ್ತಾ ಕರಗುತ್ತದೆ. ಮೋಡದ ಒಂದು ಹನಿ ಸುಮಾರು 0.02 ಮಿಲಿಮೀಟರ್ ಅಗಲ, ಮಳೆಹನಿ ಸುಮಾರು 2 ಮಿಲಿಮೀಟರ್. ಅಂದರೆ ಒಂದು ಮಳೆಹನಿಗೆ ಸುಮಾರು 10 ಲಕ್ಷ ಮೋಡದ ಹನಿಗಳ ನೀರು ಬೇಕು. ದೊಡ್ಡ ಸಂಖ್ಯೆಗಳನ್ನು ಇಷ್ಟಪಡುವ ಮಗುವಾದರೆ ಇದನ್ನು ಹೇಳಿ, ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗುತ್ತದೆ.

ಚಿತ್ರದಲ್ಲಿ ನಾವು ಬಿಡಿಸುವ ಕಣ್ಣೀರಿನ ಆಕಾರದ ಮಳೆಹನಿ ಆಕಾಶದಲ್ಲಿ ಇರುವುದಿಲ್ಲ. ಚಿಕ್ಕ ಹನಿ ಗುಂಡಗಿರುತ್ತದೆ. ದೊಡ್ಡದಕ್ಕೆ ಕೆಳಗಿನಿಂದ ಗಾಳಿ ಒತ್ತುವುದರಿಂದ ತಳ ಚಪ್ಪಟೆ, ಮೇಲೆ ಗುಮ್ಮಟ.

ಹಂತ 6: ಹೊರಗೆ ಹೋಗಿ ಹುಡುಕುವುದು

ಇಬ್ಬನಿ, ಕಾವಳ, ಆಲಿಕಲ್ಲು, ಹಿಮ. ಯಾವುದು ಸಿಗುತ್ತದೋ ಅದರಿಂದ ಶುರು ಮಾಡಿ. ಇಲ್ಲಿ ನಮ್ಮ ಮಾತು ಸ್ವಲ್ಪ ಕೈಕೊಡುತ್ತದೆ. ಹುಲ್ಲಿನ ಮೇಲಿನ ಹನಿಗೂ ಮಂಜು, ದಾರಿ ಕಾಣದ ಹಾಗೆ ಮುಸುಕುವುದಕ್ಕೂ ಮಂಜು, ಬೆಟ್ಟದ ಮೇಲಿನ ಬಿಳಿ ಹಿಮಕ್ಕೂ ಮಂಜು! ಮಗುವಿನ ಜೊತೆ ಮಾತಾಡುವಾಗ ಇವನ್ನು ಬಿಡಿಸಿ ಹೇಳಿ. ಹುಲ್ಲಿನ ಮೇಲಿನದು ಇಬ್ಬನಿ. ನೆಲಕ್ಕೆ ಇಳಿದ ಮೋಡದಂಥದ್ದು ಕಾವಳ. ಕಾವಳದಲ್ಲಿ ನಡೆದರೆ ಮೋಡದೊಳಗೆ ನಡೆದಂತೆಯೇ.

"ಇಬ್ಬನಿ ಬೀಳುತ್ತದೆ" ಅನ್ನುತ್ತೇವೆ. ನಿಜಕ್ಕೂ ಅದು ಬೀಳುವುದಿಲ್ಲ, ಇದ್ದಲ್ಲೇ ಹುಟ್ಟುತ್ತದೆ. ರಾತ್ರಿ ಹುಲ್ಲು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯ ಆವಿ ಹನಿಯಾಗುತ್ತದೆ. ಐಸ್ ಲೋಟದ ಕಥೆಯೇ. ಸಂಜೆ ಹುಲ್ಲಿನ ಮೇಲೆ ಒಂದು ಗಾಜಿನ ಲೋಟ ಬೋರಲು ಹಾಕಿ. ಬೆಳಗ್ಗೆ ನೋಡಿದರೆ ಒಳಗೋಡೆ ಒದ್ದೆ. ಮೇಲಿನಿಂದ ಬೀಳುವುದಾಗಿದ್ದರೆ ಲೋಟದೊಳಗೆ ಹೇಗೆ ಬಂತು? ಅಲ್ಲಿ ಮಣ್ಣು ಮತ್ತು ಹುಲ್ಲು ಬಿಟ್ಟ ಆವಿಯೇ ಹನಿಯಾಗಿದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯ ಮರುದಿನ ಹುಡುಕಿ, ಇಬ್ಬನಿ ಜಾಸ್ತಿ ಸಿಗುತ್ತದೆ. ದೊಡ್ಡ ಮರದ ಕೆಳಗೂ ಬಯಲಿನಲ್ಲೂ ನೋಡಿ ಹೋಲಿಸಿ.

ಹಿಮ ಕಾಣದ ಕಡೆ ಇರುವವರು ಡಬ್ಬಿಯ ಮೇಲೆ ಹಿಮ ಬೆಳೆಸಬಹುದು. ತಗಡಿನ ಡಬ್ಬಿಗೆ ಪುಡಿಮಾಡಿದ ಐಸ್, ಅದರ ಮೂರನೇ ಒಂದು ಪಾಲಿನಷ್ಟು ಉಪ್ಪು ಹಾಕಿ ಕಲಸಿ. ಉಪ್ಪು ಸೇರಿದ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಡಬ್ಬಿಯ ಹೊರಗೆ ಬಿಳಿ ಪುಡಿ ಕಟ್ಟುತ್ತದೆ. ಬರಿಗೈಯಲ್ಲಿ ಹಿಡಿದುಕೊಂಡಿರಲು ಬಿಡಬೇಡಿ, ಚರ್ಮಕ್ಕೆ ಪೆಟ್ಟಾಗುತ್ತದೆ.

ಹಿಮ ಅಂದರೆ ಹೆಪ್ಪುಗಟ್ಟಿದ ಮಳೆಹನಿಯಲ್ಲ. ಆವಿ ನೇರವಾಗಿ ಹರಳಾಗಿ ಬೆಳೆದದ್ದು, ಸಾಮಾನ್ಯವಾಗಿ ಆರು ಬದಿಯದು. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದು ಹಿಮಹರಳಿನ ಫೋಟೊ ತೆಗೆದ. ಬದುಕಿನುದ್ದಕ್ಕೂ 5000ಕ್ಕೂ ಹೆಚ್ಚು ತೆಗೆದ. ಆ ಚಿತ್ರಗಳನ್ನು ತೋರಿಸಿ, ಆಮೇಲೆ ಕಾಗದ ಮಡಚಿ ಆರು ಬದಿಯ ಹರಳು ಕತ್ತರಿಸಿ. ನಾಲ್ಕು ಅಥವಾ ಎಂಟು ಬದಿ ಬರುವ ಹಾಗೆ ಮಡಚುವುದು ಸುಲಭ, ಆದರೆ ತಪ್ಪು.

ಆಲಿಕಲ್ಲು ಬಿದ್ದರೆ ಮಳೆ ನಿಂತ ಮೇಲೆ ಒಂದನ್ನು ಎತ್ತಿ ಫ್ರೀಜರಿನಲ್ಲಿಡಿ, ಆಮೇಲೆ ನೀವೇ ಕತ್ತರಿಸಿ ತೋರಿಸಿ. ಹಲವು ಸಲ ಈರುಳ್ಳಿಯಂತೆ ಪದರ ಪದರ ಕಾಣುತ್ತದೆ. ಗುಡುಗಿನ ಮೋಡದೊಳಗೆ ಮೇಲೇರುವ ಗಾಳಿಯಲ್ಲಿ ಸಿಕ್ಕಿ, ಮೇಲೆ ಮೇಲೆ ನೀರು ಹೆಪ್ಪುಗಟ್ಟುತ್ತಾ ಬೆಳೆದ ಗುರುತು ಅದು.

ಹಂತ 7: ನೆಲದಡಿಯ ನೀರು, ನೂರು ಚಮಚದ ಲೆಕ್ಕ

ಗಾಜಿನ ಲೋಟಕ್ಕೆ ಸಣ್ಣ ಕಲ್ಲು, ಮೇಲೆ ಮರಳು ಹಾಕಿ. ಮಗು ಮೇಲಿನಿಂದ ನೀರು ಸುರಿಯಲಿ. ನೀರು ಇಂಗಿ ಕಲ್ಲುಗಳ ಸಂದಿಯಲ್ಲಿ ನಿಲ್ಲುವುದು ಪಕ್ಕದಿಂದ ಕಾಣುತ್ತದೆ. ಮರಳನ್ನು ಒಂದು ಬದಿಯಲ್ಲಿ ತೋಡಿದರೆ ಬಾವಿ! "ನೆಲ ಕುಡೀತು" ಅಂದ ಮಗುವಿಗೆ ತನ್ನ ಮಾತಿನ ನಿಜದ ಅರ್ಧ ಇಲ್ಲಿ ಸಿಗುತ್ತದೆ.

ಮಗು ಇದನ್ನು ಒಂದೇ ಸಲಕ್ಕೆ ಒಪ್ಪದಿದ್ದರೆ ಬೇಸರ ಬೇಡ. ಮಳೆಯೊಂದರಿಂದಲೇ ನದಿ ತುಂಬುತ್ತದೆ ಅಂತ ಒಪ್ಪಲು ಪಂಡಿತರಿಗೇ ಶತಮಾನಗಳು ಬೇಕಾದವು. ಸಮುದ್ರದ ನೀರು ನೆಲದಡಿಯಿಂದ ಬೆಟ್ಟಕ್ಕೆ ಹತ್ತುತ್ತದೆ ಅಂತ ಹಲವರು ನಂಬಿದ್ದರು. ಫ್ರಾನ್ಸಿನ ಪಿಯೆರ್ ಪೆರೊ ಸೇನ್ ನದಿಯ ಮೇಲ್ಭಾಗದಲ್ಲಿ ಮಳೆಯನ್ನೂ ಹರಿವನ್ನೂ ಲೆಕ್ಕ ಹಾಕಿ 1674ರಲ್ಲಿ ಪ್ರಕಟಿಸಿದ. ನದಿಯಲ್ಲಿ ಹರಿಯುವುದಕ್ಕಿಂತ ಸುಮಾರು ಆರು ಪಟ್ಟು ಮಳೆ ಅಲ್ಲಿ ಬೀಳುತ್ತಿತ್ತು.

ಐದು ದಾಟಿದ ಮಕ್ಕಳಿಗೆ ಚಮಚದ ಆಟ. ಭೂಮಿಯ ನೀರೆಲ್ಲ ಇದು ಅಂತ ಬಟ್ಟಲಿಗೆ 100 ಚಮಚ ಎಣಿಸಿ ಹಾಕಿ. ಅದರಿಂದ 3 ಚಮಚ ಪಕ್ಕಕ್ಕಿಡಿ. ಉಳಿದ 97 ಉಪ್ಪುನೀರು. ಪಕ್ಕಕ್ಕಿಟ್ಟ 3ರಲ್ಲಿ ಸುಮಾರು 2 ಚಮಚ ಹಿಮವಾಗಿ ಕೂತಿದೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ನೆಲದಡಿ ಇದೆ. ನದಿ, ಕೆರೆಗಳಿಗೆ ಒಂದೆರಡು ಹನಿ ಸಾಕು. ಉಪದೇಶ ಬೇಡ, ಹನಿಯನ್ನು ಮಗುವಿನ ಅಂಗೈಗೆ ಹಾಕಿ ಬಿಡಿ.

ಹೆಸರುಗಳು ಯಾವಾಗ?

ಘನ, ದ್ರವ, ಅನಿಲ ಅನ್ನುವ ಪದಗಳಿಗೆ ಅವಸರವಿಲ್ಲ. ಗಟ್ಟಿ ನೀರು, ಹರಿಯುವ ನೀರು, ಕಾಣದ ನೀರು ಅಂದರೂ ಆಯಿತು. ಎಲ್ಲ ಹಂತ ಮುಗಿದ ಮೇಲೆ ಜಲಚಕ್ರದ ಚಿತ್ರವನ್ನು ನೀವು ತೋರಿಸಬೇಡಿ, ಮಗುವೇ ಬಿಡಿಸಲಿ. ಬಾಣದ ಗುರುತುಗಳು ಹಿಂದೆ ಮುಂದೆ ಆಗಿದ್ದರೂ ಅದು ತನ್ನದು. ಚಿತ್ರದಲ್ಲಿ ಒಣಗುವ ಬಟ್ಟೆ, ಬೆವರಿದ ಲೋಟ ಬಂದಿದ್ದರೆ ನಿಮ್ಮ ಕೆಲಸ ಚೆನ್ನಾಗಿ ಆಗಿದೆ.

"ಡೈನೋಸಾರ್ ಕುಡಿದ ನೀರೇ ಇದು?" ಅಂತ ಕೇಳಿದರೆ ಬಹುಮಟ್ಟಿಗೆ ಹೌದು ಅನ್ನಬಹುದು. ಆವಿಯಾದ ನೀರು ಗಾಳಿಯಲ್ಲಿ ಸರಾಸರಿ ಒಂಬತ್ತು ಹತ್ತು ದಿನ ಇದ್ದು ಮತ್ತೆ ಕೆಳಗಿಳಿಯುತ್ತದೆ. ಅಂದಿನಿಂದ ಎಷ್ಟು ಸಲ ಹತ್ತಿ ಇಳಿದಿರಬಹುದು ಅಂತ ಇಬ್ಬರೂ ಕೂತು ಊಹಿಸಿ.

ಪ್ರಯೋಗ ಕೈಕೊಟ್ಟರೆ

ತುಂಬಾ ಒಣ ಹವೆಯ ದಿನ ಐಸ್ ಲೋಟ ಬೆವರದೇ ಇರಬಹುದು. ಗಾಳಿಯಲ್ಲಿ ಆವಿ ಕಡಿಮೆ ಇದೆ ಅಂತ ಅರ್ಥ. ಆ ದಿನ ಬಟ್ಟೆ ಬೇಗ ಒಣಗುತ್ತದೆ, ಅದನ್ನೇ ತೋರಿಸಿ. ಮಳೆಗಾಲದಲ್ಲಿ ತಟ್ಟೆಯ ನೀರು ಮೂರು ದಿನವಾದರೂ ಒಣಗದಿದ್ದರೆ ಒಂದು ಚಮಚಕ್ಕೆ ಇಳಿಸಿ, ಫ್ಯಾನ್ ಕೆಳಗಿಡಿ. ಇನ್ನು ಫ್ರೀಜರಿನಲ್ಲಿ ಮರೆತ ಐಸ್ ತುಂಡುಗಳು ವಾರಗಳ ಮೇಲೆ ಸಣ್ಣಗಾಗಿದ್ದರೆ ಎಸೆಯಬೇಡಿ. ಅವು ಕರಗಿ ಹೋದದ್ದಲ್ಲ, ನೀರಾಗದೆ ನೇರ ಆವಿಯಾದದ್ದು. ಟ್ರೇಯನ್ನು ಮಗುವಿನ ಮುಂದಿಟ್ಟು ಹಳೆಯ ಪ್ರಶ್ನೆಯನ್ನೇ ಕೇಳಿ: ನೀರು ಎಲ್ಲಿ ಹೋಯ್ತು?